ಸೇತುರಾಮನ ಹೆಸರಿನಲ್ಲಿ

ಅಣ್ಣ ವೆಂಕಟೇಶಮೂರ್ತಿ ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರೆ, ಹಿಂದೆಯೇ ಬಂದ ಪದ್ಮಜಾ ಅವನ್ನು ಇಳಿಸಿ ಮತ್ತೆ ಸಾಲಾಗಿ ಇಡುತ್ತಿದ್ದಳು. ಹತ್ತು ಹೆಜ್ಜೆ ಆಚೆ, ಸಿಂಗಾಪುರದ ಆ ವಸತಿ ಬ್ಲಾಕಿನ ವಾಯ್ಡ್ ಡೆಕ್ಕಿನ, ಎಂದರೆ ಗೋಡೆಯಿಲ್ಲದ ನೆಲ ಅಂತಸ್ತಿನ, ಕಂಬಗಳ ನಡುವೆ, ಅವಳ ಗಂಡ ಸೇತುರಾಮ ಇಸ್ತ್ರಿ ಮಾಡಿದ ಪಂಚೆಯುಟ್ಟು ಪೆಟ್ಟಿಗೆಯೊಳಗೆ ಮಲಗಿದ್ದ.

"ಪದ್ಮಾ, ಸಾಕು, ಕೂತ್ಕೋ. ಬರೋರೆಲ್ಲ ಬಂದಾಯ್ತು."

"ಅವರ ಆಫೀಸಿನೋರು ಬಂದಿಲ್ಲ ಅಣ್ಣ."

"ಹನ್ನೆರಡೂವರೆ ಆಯ್ತಮ್ಮ. ಎರಡಕ್ಕೆ ವ್ಯಾನ್ ಬರತ್ತೆ. ಮಂಡಾಯ್ ಕ್ರಿಮೆಟೋರಿಯಂನಲ್ಲಿ ಮೂರಕ್ಕೆ ಸ್ಲಾಟ್ ಬುಕ್ ಆಗಿದೆ. ಮಿಸ್ ಆದ್ರೆ ಇವತ್ತು ಇನ್ನೊಂದು ಸಿಗಲ್ಲ."

"ಬರ್ತಾರೆ. ಚೇರ್ ಅಲ್ಲೇ ಇರಲಿ."

ವೆಂಕಟೇಶಮೂರ್ತಿ ರಾಫೆಲ್ಸ್ ಪ್ಲೇಸಿನ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯವನು. ಅವನು ಸೀನಿದರೆ ಕರ್ಚೀಫು ಹಿಡಿಯಲು ನಾಲ್ಕು ಜನ. ತಂಗಿಯ ಗಂಡ ಸೆಲೆಟಾರ್‌ನ ವಿಮಾನ ರಿಪೇರಿ ಕಂಪನಿಯಲ್ಲಿ ಏನು ಮಾಡುತ್ತಾನೆಂಬುದು ಅವನಿಗೆ ಹನ್ನೊಂದು ವರ್ಷವಾದರೂ ತಿಳಿದಿರಲಿಲ್ಲ. ಯಾರಾದರೂ ಕೇಳಿದರೆ "ಕಂಪ್ಯೂಟರ್ ಸೈಡು" ಅಂದು ಮಾತು ತಿರುಗಿಸುತ್ತಿದ್ದ.

ಅಣ್ಣನನ್ನು ಬಯ್ಯುವ ಮುಖ ಪದ್ಮಜಾಗೂ ಇರಲಿಲ್ಲ. ಹೋದ ತಿಂಗಳಷ್ಟೇ, ಜ್ವರದಲ್ಲೂ ಶೂ ಹಾಕಿಕೊಳ್ಳುತ್ತಿದ್ದ ಗಂಡನಿಗೆ ಅವಳೇ ಅಂದಿದ್ದಳು: "ನೀವು ಒಂದಿನ ಹೋಗ್ದೇ ಇದ್ರೆ ಅಲ್ಲಿ ಯಾರಿಗೂ ಗೊತ್ತೂ ಆಗಲ್ಲ ರೀ." ಅವನು ನಕ್ಕಿದ್ದ: "ಗೊತ್ತಾಗದ ಹಾಗೆ ನೋಡ್ಕೊಳ್ಳೋದೇ ನನ್ನ ಕೆಲಸ ಕಣೇ." ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗಾಗಿತ್ತು ಅವನ ಪಾಡು. ಆಫೀಸಿನಿಂದ ಒಬ್ಬರೂ ಬರದೇ ಹೋದರೆ ಅವಳು ಆಡಿದ ಮಾತೇ ಅವನ ಬದುಕಿನ ಕೊನೆಯ ತೀರ್ಪಾಗಿ ಉಳಿಯುತ್ತದೆ. ಅವಳು ಇನ್ನೊಂದು ಕುರ್ಚಿಯನ್ನು ಇಳಿಸಿ ಸಾಲಿಗೆ ಸೇರಿಸಿದಳು.

ರಾತ್ರಿಯಿಡೀ ಕಣ್ಣು ಮುಚ್ಚಿರಲಿಲ್ಲ. ಈಗ ಎಲ್ಲವೂ ನೀರಿನೊಳಗೆ ಕಂಡಂತೆ ಕಾಣುತ್ತಿತ್ತು. ಸ್ಟ್ಯಾಂಡ್ ಫ್ಯಾನುಗಳು ನಿಧಾನವಾಗಿ ತಲೆ ತಿರುಗಿಸಿ ಖಾಲಿ ಕುರ್ಚಿಗಳನ್ನು ನೋಡಿ ಮತ್ತೆ ಅತ್ತ ತಿರುಗುತ್ತಿದ್ದವು. ಹುಲ್ಲಿನಾಚೆಯ ಎತ್ತರದ ಹಳಿಯ ಮೇಲೆ ಪುಂಗೋಲ್‌ನ ಪುಟ್ಟ ರೈಲು, ಡ್ರೈವರಿಲ್ಲ, ಪ್ರಯಾಣಿಕರಿಲ್ಲ, ಬಂದು ನಿಂತಿತು. ಬಾಗಿಲು ತೆರೆದುಕೊಂಡಿತು. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ಅದು ಹೊರಟುಹೋದದ್ದೂ ಅವಳಿಗೆ ತಿಳಿಯಲಿಲ್ಲ.

* * *

ನಾಲ್ಕು ವರ್ಷದ ಹಿಂದೆ ಒಂದು ಸಂಜೆ ಸೇತುರಾಮ ಮನೆಗೆ ಬಂದವನೇ ಕೈಕಾಲು ತೊಳೆಯದೆ ಅಡಿಗೆಮನೆಗೆ ನುಗ್ಗಿದ್ದ.

"ಸಿಕ್ತು ಪದ್ಮಾ! ಮೂರು ವಾರದಿಂದ ಸತಾಯಿಸ್ತಿತ್ತಲ್ಲ, ಸಿಕ್ತು."

"ಮೊದಲು ಶೂ ಬಿಚ್ಚಿ. ಏನು ಸಿಕ್ತು?"

ಕಂಪನಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಲಾಗಿನ್ ಆಗಲು ಏಳೆಂಟು ನಿಮಿಷ ಹಿಡಿಯುತ್ತಿತ್ತು. ಹೆಸರು, ಪಾಸ್‌ವರ್ಡ್ ಕೊಟ್ಟು, ಕಾಫಿ ಕುಡಿದು ಬಂದರೂ ಪರದೆ ಖಾಲಿ. ಎಲ್ಲರೂ ನೆಟ್‌ವರ್ಕ್ ಸರಿಯಿಲ್ಲವೆಂದರು, ಹೊಸ ಕೇಬಲ್ ಎಳೆದರು. ಸೇತುರಾಮ ಮಾತ್ರ ಒಂದು ಕಂಪ್ಯೂಟರಿನ ಮುಂದೆ ಕೂತು, ಅದು ಎದ್ದ ಕ್ಷಣದಿಂದ ಏನೇನು ಮಾಡುತ್ತದೆಂದು ಸಾಲುಸಾಲಾಗಿ ಓದಿದ್ದ.

"ಒಂದು ಹಳೇ ಸರ್ವರ್ ಇತ್ತು. ಹೋದ ವರ್ಷವೇ ಎತ್ತಿ ಗುಜರಿಗೆ ಹಾಕಿದ್ವಿ. ಇವಕ್ಕೆ ಯಾರೂ ಹೇಳೇ ಇಲ್ಲ ನೋಡು. ಪಾಪ, ಮುನ್ನೂರು ಮಷೀನೂ ದಿನಾ ಎದ್ದ ತಕ್ಷಣ ಅದರ ಹೆಸರು ಹಿಡಿದು ಕೂಗ್ತವೆ. ಕಾಯ್ತವೆ. ಮತ್ತೆ ಕೂಗ್ತವೆ. ಇಲ್ಲ ಅಂತ ಗ್ಯಾರಂಟಿ ಆದ್ಮೇಲೇ ಮುಂದಕ್ಕೆ ಹೋಗೋದು."

"ಈಗೇನು ಮಾಡಿದ್ರಿ?"

"ಒಂದು ಸಣ್ಣ ಮಷೀನ್ ಇಟ್ಟು, ಆ ಕೂಗಿಗೆ ಓಗೊಡೋಕೆ ಅದನ್ನ ಕೂರಿಸಿದೀನಿ. ಸದ್ಯಕ್ಕೆ ನನ್ನ ಲಾಗಿನ್ ಹೆಸರಲ್ಲೇ ಓಡ್ತಿದೆ. ಆಮೇಲೆ ಬದಲಾಯಿಸ್ಬೇಕು."

"ನಿಮ್ಮ 'ಸದ್ಯಕ್ಕೆ' ನಂಗೆ ಗೊತ್ತಿಲ್ವಾ? ಬಾತ್‌ರೂಮಿನ ನಲ್ಲಿಗೆ ಸದ್ಯಕ್ಕೆ ಅಂತ ಕಟ್ಟಿದ ದಾರ ಇನ್ನೂ ಹಾಗೇ ಇದೆ."

ಅವನು ಹುಳಿಯನ್ನವನ್ನು ಎರಡು ಸಲ ಹಾಕಿಸಿಕೊಂಡು ಉಂಡ. ಆ ಸಂತೋಷಕ್ಕೆ ಕಂಪನಿಯವರು ಒಂದು ಮೆಚ್ಚುಗೆಯ ಕಾಗದವನ್ನೂ ಕೊಡಲಿಲ್ಲ. ಮಾರನೆಯ ದಿನದಿಂದ ಎಲ್ಲರೂ ಬೇಗ ಲಾಗಿನ್ ಆದರು, ಮರೆತರು.

* * *

"ಅಮ್ಮಾ, ಕೇಶವ ಅಂಕಲ್ ಫೋನು." ಮಗಳು ಶ್ರೀಯಾ ಅಪ್ಪನ ಮೊಬೈಲು ಹಿಡಿದು ಬಂದಳು. ಅಳು ತಡೆದ ದನಿಯಲ್ಲೂ ಅವಳ ಮಾತಿನ ಬಾಲಕ್ಕೆ ಸಿಂಗಾಪುರದ 'ಲಾ' ಅಂಟಿಕೊಂಡಿತ್ತು. "ಆಫೀಸಿಂದ ಯಾರಿಗೂ ಬರಕ್ಕಾಗಲ್ವಂತೆ ಲಾ."

ಕೇಶವ ಸೇತುರಾಮನ ಪಕ್ಕದ ಮೇಜಿನವನು. ಫೋನಿನಲ್ಲಿ ಅವನು ತಡವರಿಸಿದ.

"ಆಂಟಿ, ಸಾರಿ ಆಂಟಿ. ಬಸ್ ಬುಕ್ ಮಾಡಿದ್ವಿ, ಹತ್ತಕ್ಕೇ ಹೊರಡೋದಿತ್ತು. ಬೆಳಿಗ್ಗೆಯಿಂದ ಯಾರಿಗೂ ಲಾಗಿನ್ ಆಗ್ತಿಲ್ಲ. ಏಳು ನಿಮಿಷ ಕಾದ್ರೂ ಫೈಲೇ ಬರ್ತಿಲ್ಲ. ಏನು ರಿಪೇರಿ ಮಾಡ್ಬೇಕು ಅಂತ ಬರೆದಿರೋ ಜಾಬ್ ಕಾರ್ಡ್ ಇಲ್ದೆ ಮೆಕ್ಯಾನಿಕ್‌ಗಳು ಪ್ಲೇನ್ ಮುಟ್ಟೋ ಹಾಗಿಲ್ಲ, ಕೆಲಸ ಮುಗಿಸ್ದೆ ಬಿಡೋ ಹಾಗಿಲ್ಲ. ಸೇತು ಸರ್ ಇದ್ದಿದ್ರೆ..."

"ಏಳು ನಿಮಿಷಾನಾ?" ಪದ್ಮಜಾ ಕೇಳಿದಳು.

"ಹೂಂ ಆಂಟಿ."

"ಕೇಶವ, ಅವರ ಹೆಸರು ಏನ್ಮಾಡಿದ್ರಿ?"

"ಹಾಂ?"

"ಕಂಪ್ಯೂಟರಲ್ಲಿ ಅವರ ಹೆಸರು."

"ಬೆಳಿಗ್ಗೆ ಎಂಟು ಗಂಟೆಗೆ ಸರ್ ಅಕೌಂಟ್ ಕ್ಲೋಸ್ ಮಾಡಿದ್ರು. ವಾರಕ್ಕೆ ಇಪ್ಪತ್ತು ಜನ ಸೇರ್ತಿದಾರೆ, ಬಿಡ್ತಿದಾರಲ್ಲ, ಎಚ್ಆರ್ ಹೊಸ ರೂಲ್ ಮಾಡಿದೆ. ಹೋದವರದ್ದು ಅವತ್ತೇ ಕ್ಲೋಸ್ ಮಾಡ್ಬೇಕು ಅಂತ."

"ಹಳೇ ಸರ್ವರ್ ಬದಲು ಒಂದು ಸಣ್ಣ ಮಷೀನ್ ಇಟ್ಟಿದ್ರು. ಅದು ಅವರ ಹೆಸರಲ್ಲೇ ಓಡೋದು. ಸದ್ಯಕ್ಕೆ ಅಂತ ಮಾಡಿದ್ರು, ಬದಲಾಯಿಸಿಲ್ಲ." "ಅವರಿನ್ನೂ ಇಲ್ಲೇ ಮಲಗಿದಾರಪ್ಪ. ಸಂಜೆವರೆಗಾದ್ರೂ ಅವರ ಹೆಸರು ಇರಬಾರದಾ?"

ಕೇಶವನ ಫೋನು ಕಟ್ಟಾಗಿತ್ತು. ಅವನು ಓಡಿದ್ದನೋ, ಅಳುತ್ತಿದ್ದನೋ ಅವಳಿಗೆ ತಿಳಿಯಲಿಲ್ಲ. ವೆಂಕಟೇಶಮೂರ್ತಿ ತಂಗಿಯನ್ನೇ ನೋಡುತ್ತ ನಿಂತಿದ್ದ. ಅವನ ಮುಖದಲ್ಲಿ ಮೊದಲ ಸಲ ಒಂದು ಪ್ರಶ್ನೆ ಕಂಡಿತು. ಕೈಯಲ್ಲಿದ್ದ ಕುರ್ಚಿಯನ್ನು ಅವನು ಮತ್ತೆ ಸಾಲಿಗೇ ಇಟ್ಟ.

ಎರಡಕ್ಕೆ ಸರಿಯಾಗಿ ವ್ಯಾನ್ ಬಂತು. ಆಫೀಸಿನವರು ಬರಲಿಲ್ಲ. "ಹತ್ತು ನಿಮಿಷ ಕಾಯೋಣ" ಅಂದಳು ಪದ್ಮಜಾ. ಹತ್ತು ನಿಮಿಷ ಕಾದರು. ಆಮೇಲೆ ಹೊರಟರು.

* * *

ಮಂಡಾಯ್‌ನ ಹಾಲ್‌ನಲ್ಲಿ ಪುರೋಹಿತರು ಗಡಿಯಾರ ನೋಡುತ್ತಲೇ ಮಂತ್ರ ಹೇಳಿದರು. ಶ್ರೀಯಾ ಅಪ್ಪನ ಬಾಯಿಗೆ ಅಕ್ಕಿಕಾಳು ಹಾಕಿದಳು. ಪದ್ಮಜಾಗೆ ಮಂತ್ರವೂ ದೂರದಿಂದ ಕೇಳಿಸುತ್ತಿತ್ತು, ಅಳುವೂ ದೂರದಿಂದ ಕೇಳಿಸುತ್ತಿತ್ತು. ಆ ಅಳು ತನ್ನದೇ ಎಂಬುದು ತಡವಾಗಿ ಗೊತ್ತಾಯಿತು.

ಆಗ ಹಿಂದಿನ ಬಾಗಿಲು ತೆರೆಯಿತು.

ಮೈಪೂರ್ತಿ ಮುಚ್ಚುವ ನೀಲಿ ಕೆಲಸದುಡುಪು, ಡಾಂಗ್ರಿ, ತೊಟ್ಟವರು ಬಂದರು. ತೋಳಿನ ಮೇಲೆ ಗ್ರೀಸು, ಕೊರಳಲ್ಲಿ ಐಡಿ ಕಾರ್ಡು. ಬರುತ್ತಲೇ ಇದ್ದರು, ಹಾಲ್ ತುಂಬಿ ಹೊರಗಿನ ಮೆಟ್ಟಿಲಿನವರೆಗೂ ನಿಂತರು. ತಲೆಗೆ ಸ್ಕಾರ್ಫು ಕಟ್ಟಿದ ಮಲಯ್ ಹೆಂಗಸೊಬ್ಬಳು ಪದ್ಮಜಾಳ ಕೈ ಹಿಡಿದು, ತಾನು ಸ್ಟೋರ್ಸಿನ ರೋಸ್ನಾ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಹತ್ತು ವರ್ಷ ಫೋನಿನಲ್ಲಿ ಸೇತು ಜೊತೆ ಮಾತಾಡಿದ್ದೇನೆ, ಮುಖ ನೋಡುತ್ತಿರುವುದು ಇವತ್ತೇ ಎಂದು ಹೇಳಿ ಅತ್ತಳು. ನರೆತ ಕೂದಲಿನ ಚೀನೀ ಮೆಕ್ಯಾನಿಕ್ ತಲೆಬಾಗಿಸಿದ. ವೆಂಕಟೇಶಮೂರ್ತಿ ಎದ್ದು ಅವನಿಗೆ ತನ್ನ ಜಾಗ ಬಿಟ್ಟುಕೊಟ್ಟು ಗೋಡೆಗೆ ಒರಗಿ ನಿಂತ.

ಕೇಶವ ಏದುಸಿರು ಬಿಡುತ್ತ ಹತ್ತಿರ ಬಂದ. "ಸರ್ ಹೆಸರು ವಾಪಸ್ ಆನ್ ಮಾಡಿದ ತಕ್ಷಣ ಎಲ್ಲಾ ಬಂತು ಆಂಟಿ. ಒಂದೇ ಸಲಕ್ಕೆ. ಈಗ ಜಾಬ್ ಕಾರ್ಡೂ ಆ ಸಣ್ಣ ಮಷೀನಿಂದಲೇ ಬರೋದಂತೆ. ಇನ್ನು ಅದನ್ನ ನನ್ನ ಕೇಳ್ದೆ ಯಾರೂ ಮುಟ್ಟಲ್ಲ."

ಸಿಬ್ಬಂದಿಯವನು ಕೈಸನ್ನೆ ಮಾಡಿದ. ಎಲ್ಲರೂ ಗಾಜಿನ ಗೋಡೆಯ ಕಡೆ ಸರಿದರು. ಆಚೆ ಉದ್ದನೆಯ ಬೆಳ್ಳಗಿನ ಕೋಣೆಯಲ್ಲಿ ಸೇತುರಾಮನ ಪೆಟ್ಟಿಗೆ, ಯಾರೂ ತಳ್ಳದೆ, ಸದ್ದಿಲ್ಲದೆ, ತಾನಾಗಿಯೇ ಮುಂದಕ್ಕೆ ಸರಿಯಿತು. ಡಾಂಗ್ರಿಯವರು ಗಾಜಿನುದ್ದಕ್ಕೂ ಸಾಲಾಗಿ ನಿಂತು, ಯಾರೂ ಹೇಳದೆಯೇ, ಬಲಗೈ ಮೇಲಕ್ಕೆತ್ತಿದರು.

"ಇದೇನು ಕೇಶವ?"

"ರಿಪೇರಿಯಾದ ಪ್ಲೇನ್ ಹ್ಯಾಂಗರ್ ಬಿಟ್ಟು ಹೊರಡೋವಾಗ ನಮ್ಮಲ್ಲಿ ಹೀಗೇ ನಿಲ್ತಾರೆ ಆಂಟಿ. ಎಲ್ಲಾ ಚೆಕ್ ಆಗಿದೆ, ನೀನಿನ್ನು ಹೋಗಬಹುದು ಅಂತ."

ಪದ್ಮಜಾ ಹಿಡಿದಿದ್ದ ಸೆರಗನ್ನು ಬಿಟ್ಟು ರೋಸ್ನಾಳ ಪಕ್ಕಕ್ಕೆ ಹೋಗಿ ನಿಂತಳು. ಬಲಗೈಯನ್ನು ಎಷ್ಟು ಎತ್ತರಕ್ಕೆ ಹಿಡಿಯಬೇಕೆಂದು ತಿಳಿಯದೆ ಅತ್ತಿತ್ತ ನೋಡಿದಳು. ಆಮೇಲೆ ತೋಳು ಎಟುಕುವಷ್ಟೂ ಎತ್ತಿದಳು.