ಕುಂಡಗಳ ಹಿಂದಿನ ಬಾಗಿಲು

ಒಂದಾನೊಂದು ಊರು. ಊರಿಗೊಬ್ಬ ಧಣಿ, ಧಣಿಗೊಂದು ಗಿಡಗಳ ತೋಟ. ತೋಟದ ಕೊನೆಗೊಂದು ತಗಡಿನ ಮನೆ, ಮನೆಗೊಂದೇ ಬಾಗಿಲು. ಆ ಬಾಗಿಲಿನ ಕೀಲಿ ಏಳು ಸಮುದ್ರದಾಚೆ ಇರಲಿಲ್ಲ, ಗಿಳಿಯ ಹೊಟ್ಟೆಯಲ್ಲೂ ಇರಲಿಲ್ಲ. ದೊಡ್ಡಮ್ಮನ ಸೊಂಟದಲ್ಲಿತ್ತು.

"ಕಣ್ಣೇನು ಹಿಂದಲೆಗಿದೆಯೇನೇ ಮುಂಡೆ? ಆ ಸಂದೀಲಿ ತಗಡು ಕಾಣ್ತಿದೆ!"

ಧಣಿ ಬೂಟಿನ ತುದಿಯಿಂದ ಕುಂಡವೊಂದನ್ನು ನೂಕಿದ. ಮಣ್ಣು ದೊಡ್ಡಮ್ಮನ ಪಾದದ ಮೇಲೆ ಚೆಲ್ಲಿತು.

"ಗಾಳಿಗೆ ಅಂತ ಬಿಟ್ಟಿದ್ದೆ ಧಣಿ. ಹುಡುಗಿ ಒಳಗೆ..."

"ಗಾಳಿಗಂತೆ! ಫ್ಯಾನ್ ಹಾಕಿಸ್ಲಾ ನಿನ್ ಹುಡುಗಿಗೆ? ಮುಚ್ಚೇ."

ದೊಡ್ಡಮ್ಮ ಮುಚ್ಚಿದಳು. ಎತ್ತರದ ಕುಂಡವೊಂದನ್ನು ಎದೆಗವಚಿ ತಂದು ಸಂದಿಗಿಟ್ಟು, ಬಳ್ಳಿಯೊಂದನ್ನು ಅದರ ಮೇಲೆ ಇಳಿಬಿಟ್ಟಳು.

ಇದು ತಪಾಸಣೆಯ ದಿನದ ಕೆಲಸ. ಆಳುಗಳನ್ನು ಕೂಡಿಹಾಕಿ ದುಡಿಸುವ ಕಡೆ ಗಿಡ ಕೊಳ್ಳುವುದಿಲ್ಲವೆಂದು ದೊಡ್ಡ ದೊಡ್ಡ ಹೋಟೆಲುಗಳು ಹೇಳತೊಡಗಿದ ಮೇಲೆ, ನೋಡಿಕೊಂಡು ಹೋಗಲು ಆಗಾಗ ಒಬ್ಬ ಮೇಡಂ ಬರುತ್ತಿದ್ದರು. ಅವರು ಬರುವ ಮುಂಚೆ, ತೋರಿಸುವ ಸ್ಥಿತಿಯಲ್ಲಿ ಇಲ್ಲದವರು ತಗಡಿನ ಮನೆಯೊಳಗೆ. ಹೊರಗೆ ಬೀಗ. ಬೀಗದ ಮುಂದೆ ಮೆಟ್ಟಿಲುಮೆಟ್ಟಿಲಾಗಿ ಹಲಗೆ, ಹಲಗೆಯ ಮೇಲೆ ಕುಂಡ: ಹಿಂದೆ ಎತ್ತರದವು, ಮುಂದೆ ಗಿಡ್ಡವು, ಸಂದಿಗೆ ಬಳ್ಳಿ. ದೊಡ್ಡಮ್ಮ ಜೋಡಿಸಿದರೆ ಅಲ್ಲೊಂದು ಬಾಗಿಲಿದೆಯೆಂದು ಜೇನುಹುಳಕ್ಕೂ ತಿಳಿಯದು. ಆ ಕೈಚಳಕಕ್ಕೆ, ದಿನಾ ಸಂಜೆ ಎಲ್ಲರನ್ನೂ ಒಳಗೆ ಹೊಗಿಸಿ ಬೀಗ ಹಾಕುವ ನಿಯತ್ತಿಗೆ, ಅವಳೊಬ್ಬಳಿಗೆ ಕಿಟಕಿಯಿರುವ ಕೋಣೆ ಸಿಕ್ಕಿತ್ತು.

ಇವತ್ತು ಒಳಗಿದ್ದವಳು ಗುಬ್ಬಿ. ಕೀಲಿ ಹಿಡಿದವಳನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರೂ ಗುಬ್ಬಿಗೆ ಮಾತ್ರ ಅವಳು ನಿಜವಾದ ದೊಡ್ಡಮ್ಮ. ಒಡಹುಟ್ಟಿದ ತಂಗಿಯ ಮಗಳು. "ನೆರಳಲ್ಲಿ ಗಿಡಕ್ಕೆ ನೀರು ಹಾಕ್ಕೊಂಡು ಇರೋದು ಕಣೇ, ಕಳಿಸು," ಎಂದು ತಾನೇ ತಂಗಿಯ ಮನೆಗೆ ಹೋಗಿ ಕರೆತಂದಿದ್ದಳು. ಹೊರಡುವಾಗ ತಂಗಿ ಸೀರೆಯ ಸೆರಗಿನಿಂದ ಮಗಳ ಮುಖ ಒರೆಸಿ, "ನಿನ್ ಮಡಿಲಿಗೆ ಹಾಕಿದೀನಕ್ಕ," ಅಂದಿದ್ದಳು. ಇಲ್ಲಿ ಗುಬ್ಬಿ ಬರಿಗೈಯಲ್ಲಿ ಹುಳದ ಔಷಧಿ ಕಲಸಿದಳು. ಅಂಗೈಯ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಬಿಟ್ಟುಕೊಂಡಿತು. ಈಗ ಕಣ್ಣೂ ಊದಿ ಮುಚ್ಚಿಕೊಂಡಿತ್ತು.

ಬೆಳಿಗ್ಗೆ ಬೀಗ ಹಾಕುವಾಗ ದೊಡ್ಡಮ್ಮ ಬಾಗಿಲಿಗೆ ಬಾಯಿಟ್ಟು ಹೇಳಿದ್ದಳು: "ಮೇಡಂ ಬಂದಾಗ ಗೇಟು ತೆಗೆದಿರುತ್ತೆ. ನಿನ್ನ ಗೇಟು ದಾಟಿಸ್ತೀನಿ, ಆಸ್ಪತ್ರೆಗೆ ಕಳಿಸ್ತೀನಿ."

"ಹೋದ್ಸಲಾನೂ ಹಿಂಗೇ ಅಂದೆ ದೊಡ್ಡಮ್ಮ."

"ಈ ಸಲ ನಿಮ್ಮಮ್ಮನಾಣೆ."

ಹೋದ ಸಲವೂ ಅಮ್ಮನ ಮೇಲೇ ಆಣೆಯಿಟ್ಟಿದ್ದಳು.

ಕೊನೆಯ ಬಳ್ಳಿ ಸರಿಮಾಡುವಾಗ ಬಾಯಿಬಡುಕಿ ಹತ್ತಿರ ಬಂದು ನಿಂತಳು. ಕಳೆ ಕೀಳುವವಳು, ನಾಲಗೆಯೂ ಕುಡುಗೋಲಿನಂಥದ್ದೇ.

"ಚೆನ್ನಾಗಿ ಕಟ್ಟಿದೀಯ ದೊಡ್ಡಮ್ಮ. ನಾನು ಸತ್ತಾಗ ಗೋರೀನೂ ನೀನೇ ಕಟ್ಟು. ಮೇಲೊಂದು ಗುಲಾಬಿ ಇಡೋದು ಮರೀಬೇಡ ಮತ್ತೆ."

ದೊಡ್ಡಮ್ಮ ಬಳ್ಳಿಯ ಎಲೆಗಳನ್ನು ಬಿಡಿಸಿ ಹರಡಿದಳು. ತಲೆ ಎತ್ತಲಿಲ್ಲ.

ಧಣಿ ಹೊಸ ಕೈಗವಸು ಹಂಚಿದ. "ಇದು ಯಾವ ಕೈದು?" ಎಂದು ಬಾಯಿಬಡುಕಿ ತಿರುಗಿಸಿ ನೋಡಿದಳು. "ಎರಡೂ ಹೆಬ್ಬೆರಳು ಒಂದೇ ಕಡೆ ಬರ್ತಿದಾವಲ್ಲೋ!" ನಗು ಹೊರಡುವಷ್ಟರಲ್ಲಿ ಬಿಳಿ ಕಾರು ಗೇಟಿನೊಳಗೆ ಬಂತು.

ಮೇಡಂ ಒಳ್ಳೆಯವರು. ಎಲ್ಲರಿಗೂ ಕೈಮುಗಿದರು. ಧಣಿ ಪಕ್ಕದಲ್ಲೇ ನಿಂತಿರುವಾಗ, "ಇಲ್ಲಿ ಯಾರನ್ನಾದರೂ ಬಲವಂತವಾಗಿ ಇಟ್ಟುಕೊಂಡಿದ್ದಾರಾ? ಹೆದರಬೇಡಿ, ಹೇಳಿ," ಅಂದರು. ಎಲ್ಲರ ಕಣ್ಣೂ ದೊಡ್ಡಮ್ಮನ ಮೇಲೆ ಬಿತ್ತು. ಏನು ಹೇಳಬೇಕೆಂದು ಕಲಿಸಿಕೊಟ್ಟವಳು ಅವಳೇ.

"ಇಲ್ಲ ಮೇಡಂ," ಅಂದಳು. "ಮನೇಲಿದ್ದಂಗೇ ಇದೀವಿ."

ಹೇಳಿದ್ದು ಅವಳ ಬಾಯಿ. ಅಷ್ಟು ಸಲೀಸಾಗಿ ಬಂತೆಂದು ಅವಳಿಗೇ ಹೇಸಿಗೆಯಾಯಿತು.

"ಅಬ್ಬಾ, ಎಷ್ಟು ಚೆನ್ನಾಗಿದೆ ಈ ಕುಂಡಗಳ ಗೋಡೆ! ಎಲ್ಲರೂ ಇದರ ಮುಂದೆ ನಿಲ್ಲಿ, ಒಂದು ಫೋಟೊ. ಅಜ್ಜಿ, ನೀವು ಮಧ್ಯ. ಸ್ವಲ್ಪ ನಗಿ."

ದೊಡ್ಡಮ್ಮ ನಕ್ಕಳು. ಬೆನ್ನ ಹಿಂದೆ ಎಲೆಗಳಾಚೆ ಗುಬ್ಬಿ ಕೆಮ್ಮಿದಳು. ಆಮೇಲೆ ಕೆಮ್ಮು ಗಪ್ಪನೆ ನಿಂತಿತು. ಬಾಯಿಗೆ ಬಟ್ಟೆ ತುರುಕಿಕೊಂಡಿದ್ದಾಳೆ. ತಪಾಸಣೆಯ ದಿನ ಕೆಮ್ಮು ಬಂದರೆ ಹಾಗೆ ಮಾಡಬೇಕೆಂದು ಹೇಳಿಕೊಟ್ಟವಳೂ ದೊಡ್ಡಮ್ಮನೇ.

"ಏನದು ಸದ್ದು?"

"ಬೆಕ್ಕು ಮರಿ ಹಾಕಿದೆ ಮೇಡಂ," ಅಂದ ಧಣಿ.

ದೊಡ್ಡಮ್ಮ ತಿರುಗಿದಳು. ಕೈಗವಸು ಕಿತ್ತೆಸೆದು ಮುಂದಿನ ಸಾಲಿನ ಕುಂಡ ಎತ್ತಿ ಕೆಳಗಿಟ್ಟಳು. ಇನ್ನೊಂದು. ಮತ್ತೊಂದು.

"ಅಯ್ಯೋ, ಚೆನ್ನಾಗಿತ್ತಲ್ಲ ಅಜ್ಜಿ," ಅಂದರು ಮೇಡಂ.

ಧಣಿ ಅವಳ ಕಿವಿಯ ಹತ್ತಿರ ಬಗ್ಗಿ ಹಲ್ಲು ಕಚ್ಚಿದ. "ಏಯ್ ಮುದಿ ಲೌಡಿ, ಬೀಗ ಹಾಕಿರೋದು ಯಾರು? ಕರ್ಕೊಂಡ್ ಬಂದಿರೋದು ಯಾರು? ನನ್ ಕೂದ್ಲೂ ಕೊಂಕಲ್ಲ. ಜೈಲಿಗೆ ಹೋಗೋಳು ನೀನೇ."

ಅವಳು ಕುಂಡ ಹಿಡಿದೇ ಮೇಡಂ ಕಡೆ ನೋಡಿದಳು. "ಆಗ ಸುಳ್ಳು ಹೇಳ್ದೆ ಮೇಡಂ. ಹುಡುಗೀನ ತಂದಿದ್ದು ನಾನು, ಬೀಗ ಹಾಕಿದ್ದೂ ನಾನೇ. ಹಾಕ್ಸಿದ್ದು ಇವ್ನು. ಬರ್ಕೊಳ್ಳಿ."

ಧಣಿ ಅವಳ ರಟ್ಟೆಗೆ ಕೈಹಾಕಿದ. ಬಾಯಿಬಡುಕಿ ಒಂದೂ ಮಾತಾಡದೆ ನಡುವೆ ಬಂದು ನಿಂತಳು, ಕೈಯಲ್ಲಿ ಕುಡುಗೋಲು. ಉಳಿದವರು ನೆಲ ನೋಡುತ್ತ ನಿಂತಿದ್ದರು. ಅವರಲ್ಲಿ ಒಬ್ಬ ಬಗ್ಗಿ ಹಲಗೆ ಎಳೆದ. ಬಳ್ಳಿ ಹರಿಯಿತು, ತಗಡು ಕಂಡಿತು, ಬೀಗ ಕಂಡಿತು. ದೊಡ್ಡಮ್ಮ ಸೊಂಟದ ಕೀಲಿ ತೆಗೆದು ತಿರುಗಿಸಿದಳು.

ಬೆಳಕು ಬಿದ್ದ ಕೂಡಲೇ ಗುಬ್ಬಿ ಬಾಯಿಂದ ಬಟ್ಟೆ ತೆಗೆದಳು. "ಹೋದ್ರಾ ದೊಡ್ಡಮ್ಮ, ಅವ್ರು?"

"ಏಳು ನನ್ನವ್ವ."

ಕುತ್ತಿಗೆ ಹಿಡಿದುಕೊಳ್ಳಲು ಹುಡುಗಿಗೆ ಕೈ ಬರಲಿಲ್ಲ. ದೊಡ್ಡಮ್ಮನೇ ಎತ್ತಿಕೊಂಡು ನಡೆದಳು. ಬಿಳಿ ಕಾರಿನ ಬಾಗಿಲು ತೆಗೆದು ಸೀಟಿನ ಮೇಲೆ ಕೂರಿಸಿದಳು. ಕೈಯ ಕೀವು ಸೀಟಿಗೆ ಹತ್ತಿತು. "ಸೀಟು..." ಎಂದ ಮೇಡಂ ಬಾಯಿ ಮುಚ್ಚಿಕೊಂಡರು. ಅವರ ಮುಖ ಬಿಳಿಚಿಕೊಂಡಿತ್ತು.

"ನೀವೂ ಹತ್ತಿ ಅಜ್ಜಿ. ಇಲ್ಲಿದ್ರೆ ನಿಮ್ಮನ್ನ ಬಿಡ್ತಾನಾ ಅವ್ನು?"

ದೊಡ್ಡಮ್ಮ ಹಿಂದಿರುಗಿ ನೋಡಿದಳು. ಉರುಳಿದ ಕುಂಡಗಳ ನಡುವೆ ಹೊಸ ಕೈಗವಸು ತೊಟ್ಟವರು ನಿಂತಿದ್ದರು. ಅವರಲ್ಲಿ ಅರ್ಧಕ್ಕರ್ಧ ಜನರ ಮನೆಬಾಗಿಲಿಗೂ ಹೋಗಿ ಅವಳು ನೆರಳಿನ ಮಾತು ಹೇಳಿದ್ದಳು.

"ಇವರ್ನೂ ನಾನೇ ತಂದಿದ್ದು," ಅಂದಳು. "ಪೊಲೀಸ್ನೋರ್ನ ಕಳಿಸಿ. ಇಲ್ಲೇ ಇರ್ತೀನಿ."

ಕಾರು ಗೇಟು ದಾಟಿತು. ಅವಳು ಒಳಗೇ ನಿಂತಿದ್ದಳು.