ತಪ್ಪಾಯ್ತು ಬುದ್ದಿ

ಚಿಕ್ಕಮಾದಮ್ಮ ಸೀಗೆಕಾಯಿಯ ಬುಟ್ಟಿಯಿಲ್ಲದೆ ಜಗಲಿಯ ಕೆಳಗೆ ನಿಂತದ್ದನ್ನು ಕಂಡಾಗಲೇ ಏನೋ ಕೆಟ್ಟಿದೆ ಎಂದು ಶಿವನಂಜಮ್ಮನಿಗೆ ಅನ್ನಿಸಿತು. ಆರು ವರ್ಷದಿಂದ ಆ ಸೋಲಿಗರ ಹೆಂಗಸು ಬೆಟ್ಟದ ಮೇಲಿನ ತಮ್ಮ ಹಾಡಿ, ಆ ಪೋಡಿನಿಂದ ಇಳಿದು, ಕೌದಳ್ಳಿ, ಹನೂರು ದಾಟಿ ಕೊಳ್ಳೇಗಾಲಕ್ಕೆ ಬಂದರೆ ಮೊದಲು ಬುಟ್ಟಿ ಇಳಿಸುತ್ತಿದ್ದದ್ದು ಈ ರೇಷ್ಮೆ ಮಗ್ಗದ ಮನೆಯಲ್ಲೇ. ಜೊತೆಗೆ ಮಗ ಬಿಳಿಗಿರಿ ಇದ್ದೇ ಇರುತ್ತಿದ್ದ.

“ಯಾಕ್ ಮಾದಮ್ಮ, ಅಲ್ಲೇ ನಿಂತ್ಬುಟ್ಟೆ? ಬಿಳಿಗಿರಿ ಎಲ್ಲಿ?”

“ಠಾಣೆ ಪಕ್ಕದ ಜೈಲ್ನಾಗವ್ನೆ ಅವ್ವ. ಎಲ್ಡು ತಿಂಗ್ಳಾತು. ನಾಳೀಕೆ ಕೋರ್ಟಂತೆ.”

ಶಿವನಂಜಮ್ಮ ಲಾಳಿ ಇಟ್ಟು ಮಗ್ಗದ ಗುಂಡಿಯಿಂದ ಮೇಲೆದ್ದಳು. ಒಂದು ಚೊಂಬು ಮಜ್ಜಿಗೆ ಕುಡಿಸಿ ಕೂರಿಸಿದ ಮೇಲೆ ಮಾತು ಹೊರಟಿತು.

“ಅಳ್ಳದಾಗೆ ಗಾಡಿ ಕೂತಿತ್ತಂತೆ. ಎತ್ನ ಕತ್ತು ನೊಗದ ಅಗ್ಗಕ್ ಸಿಕ್ಕಾಕಂಡು ನಾಲ್ಗೆ ಈಚೀಕ್ ಬಂದಿತ್ತಂತೆ. ಇವ್ನು ಅಗ್ಗ ಬಿಚ್ತಾ ಅವ್ನೆ, ಪಾರೆಸ್ಟ್ ಗಾರ್ಡು ಬಂದು ಇಡ್ಕಂಡ. ಗಾಡಿ ತುಂಬ ಗಂಧದ ಮರವಂತೆ.”

“ಗಾಡಿಯೋರು?”

“ಓಡೋದ್ರು. ಅವ್ರನ್ನ ಯಾರ್ ಕೇಳಾರು?”

ಶಿವನಂಜಮ್ಮ ಸೆರಗು ಬಿಗಿದು ಅವಳನ್ನು ಕರೆದುಕೊಂಡು ಕೋರ್ಟು ಕಚೇರಿಯ ಹುಣಸೆ ಮರದ ಕೆಳಗೆ ಹೋದಳು. ಅಲ್ಲಿ ಅವಳ ಮೈದುನ ರಾಮಲಿಂಗಯ್ಯ ಅರ್ಜಿ ಬರೆದು ಬದುಕುತ್ತಿದ್ದ. ಆಗಿನ್ನೂ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; ಈ ಕೇಸಿನ ಕಾಗದವೆಲ್ಲ ತಮಿಳಿನಲ್ಲಿತ್ತು. ರಾಮಲಿಂಗಯ್ಯ ಒಳಗೆ ಹೋಗಿ ಓದಿಕೊಂಡು ಬಂದು ತಲೆಯಾಡಿಸಿದ.

“ಏನೂ ಮಾಡಂಗಿಲ್ಲ ಅತ್ತಿಗೆ. ಗಾರ್ಡು ಮುಂದೆ ಒಪ್ಕಂಡವ್ನೆ, ರೇಂಜರ್ ಮುಂದೆ ಒಪ್ಕಂಡವ್ನೆ, ಠಾಣೇಲೂ ಒಪ್ಕಂಡವ್ನೆ. ನಾಳೆ ಮ್ಯಾಜಿಸ್ಟ್ರೇಟ್ರ ಮುಂದೆ ಒಂದ್ ಸಲ ಒಪ್ಕಂಡ್ರೆ ಆರು ತಿಂಗ್ಳು.”

“ಏನಂತ ಒಪ್ಕಂಡ?”

“ತಪ್ಪಾಯ್ತು ಅಂತ. ಮೂರ್ ಕಡೇಲೂ ಅದೇ ಮಾತು.”

ಶಿವನಂಜಮ್ಮನಿಗೆ ಆ ಮಾತು ಮೊದಲ ಸಲ ಕೇಳಿದ್ದು ನೆನಪಾಯಿತು. ಆರು ವರ್ಷದ ಹಿಂದೆ ಬಿಳಿಗಿರಿ ಮೊದಲ ಸಲ ಅವಳ ಮನೆಗೆ ಬಂದು, ಬುಟ್ಟಿ ಇಳಿಸುವ ಮೊದಲೇ ಕೈಮುಗಿದು, “ತಪ್ಪಾಯ್ತು ಅವ್ವ” ಅಂದಿದ್ದ. “ಅದೇನ್ಲಾ ತಪ್ ಮಾಡ್ದೆ?” ಎಂದು ಅವಳು ಕೇಳಿದ್ದಕ್ಕೆ ಚಿಕ್ಕಮಾದಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. “ಏನೂ ಮಾಡಿಲ್ಲ ಕಣವ್ವ. ನಮ್ ಪೋಡ್ನಾಗೆ ದೊಡ್ಡೋರ ಮುಂದೆ ನಿಂತ್ರೆ ಮೊದ್ಲು ಅಂಗನ್ಬೇಕು. ಆಮೇಕೆ ಮಾತು.”

ಅಂದು ಅವಳೂ ನಕ್ಕಿದ್ದಳು. ಇಂದು ನಗು ಬರಲಿಲ್ಲ. ಜೇನು ಕಿತ್ತರೆ ತಪ್ಪು, ಗೆಡ್ಡೆ ಅಗೆದರೆ ತಪ್ಪು, ತಾತ ಹುಟ್ಟಿದ ಕಾಡಿನಲ್ಲಿ ಮೊಮ್ಮಗ ನಿಂತರೆ ತಪ್ಪು ಎಂದು ಖಾಕಿ ತೊಟ್ಟವರೆಲ್ಲ ಗದರುತ್ತಾ ಬಂದರೆ, ಆ ಜನ ಬೇರೆ ಯಾವ ನಮಸ್ಕಾರ ಕಲಿತಾರು? ಮೊದಲು ಬೈದು ಆ ಮಾತು ಕಲಿಸಿದರು, ಈಗ ಅದನ್ನೇ ಬರೆದುಕೊಂಡು ಜೈಲಿಗೆ ಕಳಿಸುತ್ತಾರೆ!

“ಅದು ಒಪ್ಗೆ ಅಲ್ಲ ಕಣಯ್ಯ, ನಮಸ್ಕಾರ!”

ರಾಮಲಿಂಗಯ್ಯ ಲೇಖನಿ ಒರೆಸುತ್ತಾ ನಕ್ಕ. “ನೀವು ಸೀರೆ ನೇಯ್ಕಂಡಿರಿ ಅತ್ತಿಗೆ. ಕಾನೂನು ಬೇರೆ ಮಗ್ಗ.”

“ಎಳೆ ತಪ್ಪಿದ್ರೆ ಯಾವ ಮಗ್ಗದ್ದಾದ್ರೂ ಬಿಚ್ಬೇಕು. ನೀ ಬಾಯ್ ಮುಚ್ಕಂಡು ಅರ್ಜಿ ಬರಿ.”

ಅವನು ಬಾಯಿ ಮುಚ್ಚಿಕೊಂಡು ಬರೆದ. ಬರೆದದ್ದಕ್ಕೆ ಕಾಸನ್ನೂ ಕೇಳಲಿಲ್ಲ.

ಸಂಜೆ ಶಿವನಂಜಮ್ಮ ಮುದ್ದೆ, ಉಪ್ಸಾರು ತೆಗೆದುಕೊಂಡು ಚಿಕ್ಕಮಾದಮ್ಮನ ಜೊತೆ ಜೈಲಿನ ಬಳಿ ಹೋದಳು. ಪಹರೆಯವನು ತಮಿಳಿನವನು. ಹತ್ತಿರ ಬಿಡುವಂತಿಲ್ಲ ಎಂದ. ಆಮೇಲೆ ಚಿಕ್ಕಮಾದಮ್ಮನ ಕಾಲಿನ ಬೊಬ್ಬೆ ನೋಡಿ, ಎಲೆಅಡಿಕೆ ತರಬೇಕಿತ್ತು ಎಂದು ಯಾರಿಗೋ ಹೇಳುವವನಂತೆ ಹೇಳಿಕೊಂಡು, ಬೀದಿಯ ಕಡೆ ತಿರುಗಿ ನಿಂತ. ಅಂಗಡಿಗೇನೂ ಹೋಗಲಿಲ್ಲ.

ಕಂಬಿಯ ಹಿಂದೆ ಬಿಳಿಗಿರಿ ಅರ್ಧಕ್ಕರ್ಧ ಇಳಿದುಹೋಗಿದ್ದ.

“ತಪ್ಪಾಯ್ತು ಅವ್ವ,” ಅಂದ.

“ಆ ಮಾತು ನುಂಗ್ಲಾ! ನಾಳೆ ಕೇಳ್ದಾಗ ‘ನಾ ಕಡ್ದಿಲ್ಲ’ ಅನ್ಬೇಕು. ಅಷ್ಟೇ. ಎಲ್ಲಿ, ಯೋಳು.”

“ತಪ್ಪಾಯ್ತು ಅವ್ವ. ನಾ ಕಡ್ದಿಲ್ಲ.”

“ಮೊದಲ್ನೇದು ಬ್ಯಾಡ!”

“ಮೊದಲ್ನೇದು ಇಲ್ದೆ ಎಲ್ಡನೇದು ಎಂಗವ್ವ ಯೋಳದು? ಒಡೀತಾರೆ.”

ಶಿವನಂಜಮ್ಮ ಹತ್ತು ಸಲ ಹೇಳಿಸಿದಳು. ಹತ್ತು ಸಲವೂ ಅದೇ ಬಂತು.

ಮರುದಿನ ಕೋರ್ಟಿನಲ್ಲಿ ಅದೇ ಆಯಿತು. ಮ್ಯಾಜಿಸ್ಟ್ರೇಟರು ಹೊಸದಾಗಿ ವರ್ಗವಾಗಿ ಬಂದ ತಮಿಳರು. ಅವರ ಮಾತನ್ನು ಕನ್ನಡ ಮಾಡಿ ಹೇಳುವವನು ಗುಮಾಸ್ತ ಸದಾಶಿವಪ್ಪ.

“ಗಂಧ ಕಡ್ದದ್ದು ನಿಜವೇನಲೇ?” ಎಂದು ಗದರಿದ.

ಬಿಳಿಗಿರಿ ಕೈಮುಗಿದು ನಡು ಬಗ್ಗಿಸಿದ. “ತಪ್ಪಾಯ್ತು ಬುದ್ದಿ.”

ಇನ್ನೂ ಎರಡು ಮಾತು ಅವನ ಗಂಟಲಲ್ಲಿತ್ತು. ಸದಾಶಿವಪ್ಪ ಅದಕ್ಕೆ ಕಾಯಲಿಲ್ಲ. ಒಪ್ಪಿಕೊಂಡ ಎಂದು ತಮಿಳಿನಲ್ಲಿ ಹೇಳಿ ಬರೆಯತೊಡಗಿದ.

ಶಿವನಂಜಮ್ಮ ಎದ್ದು ನಿಂತಳು. ಅವಳ ತವರು ಸತ್ಯಮಂಗಲ. “ಅಯ್ಯಾ, ಅದು ಅವನ ಉತ್ತರವಲ್ಲ” ಎಂದು ನೇರ ತಮಿಳಿನಲ್ಲೇ ಮ್ಯಾಜಿಸ್ಟ್ರೇಟರಿಗೆ ಹೇಳಿದಳು.

“ಕೂತ್ಕೊಳಮ್ಮ! ಇದೇನ್ ಸಂತೆಯಾ?” ಸದಾಶಿವಪ್ಪ ರೇಗಿದ.

“ಸಂತೇಲಾದ್ರೆ ಪೂರ್ತಿ ಮಾತು ಕೇಳ್ತಾರೆ ಸಾ. ನೀವು ಅರ್ಧಕ್ಕೇ ತಕ್ಕಡಿ ಎತ್ಬುಟ್ರಿ.”

ಮ್ಯಾಜಿಸ್ಟ್ರೇಟರು ಕೈ ಎತ್ತಿ ಅವನನ್ನು ಸುಮ್ಮನಿರಿಸಿದರು. ಅರ್ಜಿ ನೋಡಿದರು. ಇದಕ್ಕೆ ಸಾಕ್ಷಿ ಏನೆಂದು ಕೇಳಿದರು.

ಅವಳು ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿನ ಗಡಿಯಾರ ಯಾವ ಕಾಲದಿಂದಲೋ ನಾಲ್ಕೂ ಕಾಲಿಗೆ ನಿಂತಿತ್ತು. “ಅದನ್ನು ಕೆಡಿಸಿದವನು ನೀನೇನಾ ಎಂದು ಇವನನ್ನು ಕೇಳಿಸಿ ಅಯ್ಯಾ.”

ಸದಾಶಿವಪ್ಪ ಮುಖ ಗಂಟಿಕ್ಕಿಕೊಂಡು ಕೇಳಿದ. ಬಿಳಿಗಿರಿ ಗಡಿಯಾರ ನೋಡಿದ, ಹೆದರಿದ, ಮತ್ತೆ ನಡು ಬಗ್ಗಿಸಿದ.

“ತಪ್ಪಾಯ್ತು ಬುದ್ದಿ. ನಾ ಮುಟ್ಟಿಲ್ಲ.”

ಕೋರ್ಟೆಲ್ಲ ಗೊಳ್ಳೆಂದಿತು. ಡವಾಲಿ ತೊಟ್ಟ ಜವಾನನೂ ಪೇಟದ ತುದಿಯಿಂದ ಬಾಯಿ ಮುಚ್ಚಿಕೊಂಡ.

“ನಗಬ್ಯಾಡಿ,” ಶಿವನಂಜಮ್ಮ ತಿರುಗಿ ನಿಂತು ಅಂದಳು. “ಈ ಒಂದ್ ಮಾತ್ಗೆ ಎಲ್ಡು ತಿಂಗ್ಳು ಕಂಬಿ ಇಂದೆ ಅವ್ನೆ. ನಿಮ್ ಮಕ್ಳು ನಮಸ್ಕಾರ ಅಂದ್ರೆ ಜೈಲಿಗ್ ಆಕ್ಸ್ತೀರಾ?”

ಯಾರೂ ನಗಲಿಲ್ಲ. ಮ್ಯಾಜಿಸ್ಟ್ರೇಟರು ಗುಮಾಸ್ತನ ಕಾಗದ ತೆಗೆದುಕೊಂಡು ಆ ಸಾಲನ್ನು ತಾವೇ ಹೊಡೆದುಹಾಕಿದರು. ಆಮೇಲೆ ಗಾರ್ಡನ್ನು ಕರೆಸಿದರು. ಇವನ ಕೈಯಲ್ಲಿ ಕೊಡಲಿ ಇತ್ತೆ? ಇರಲಿಲ್ಲ. ಗರಗಸ? ಇಲ್ಲ. ಕೈಯಲ್ಲಿ ಇದ್ದದ್ದೇನು? ಎತ್ತಿನ ಹಗ್ಗ. ಇವನು ಒಪ್ಪಿಕೊಂಡ ಎನ್ನುವುದು ಬಿಟ್ಟರೆ ಬೇರೆ ಏನಿದೆ? ಗಾರ್ಡು ಬೂಟು ನೋಡಿಕೊಂಡ.

“ಗಾಡಿ ಯಾರದು ಅಂತ ಕೇಳಿ ಅಯ್ಯಾ,” ಶಿವನಂಜಮ್ಮ ಬಿಡಲಿಲ್ಲ.

ಅವರು ಕೇಳಿದರು.

“ನಂಬರ್ ಅಲಗೆ ಬಿದ್ದೋಗಿತ್ತು ಸಾ,” ಅಂದ ಗಾರ್ಡು.

“ಎತ್ತು?”

“ಅವು… ಬಂದೋರು ಒಡ್ಕಂಡ್ ಓಗ್ಬುಟ್ರು ಸಾ.”

“ಯಾರು ಬಂದವರು?” ಮ್ಯಾಜಿಸ್ಟ್ರೇಟರ ಮುಖ ಕೆಂಪಾಯಿತು. ಗಾರ್ಡು ಟೋಪಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಎರಡು ಎತ್ತು, ಒಂದು ಗಾಡಿ, ಅದನ್ನು ಸಾಕುವಷ್ಟು ಇದ್ದವನೊಬ್ಬ ಎಲ್ಲೋ ಹಾಯಾಗಿ ಊಟ ಮಾಡುತ್ತಿದ್ದ. ಅವನ ಬಾಯಿಂದ ತಪ್ಪಾಯ್ತು ಎನ್ನುವ ಮಾತು ಒಂದು ಸಲವೂ ಬಂದಿರಲಾರದು. ಅವನನ್ನು ಹುಡುಕಿ ವರದಿ ಕೊಡಬೇಕೆಂದು ಮ್ಯಾಜಿಸ್ಟ್ರೇಟರು ಬರೆಸಿದರು. ಆ ವರದಿ ಎಂದೂ ಬರುವುದಿಲ್ಲವೆಂಬುದು ಶಿವನಂಜಮ್ಮನಿಗೆ ಗಾರ್ಡಿನ ಮುಖದಲ್ಲೇ ಕಂಡಿತು.

ಬಿಳಿಗಿರಿಯನ್ನು ಬಿಟ್ಟಿದೆ ಎಂದು ಸದಾಶಿವಪ್ಪ ಗೊಣಗಿದ. ಪಹರೆಯವನು ಬೇಡಿ ಕಳಚಿ, ಗೆರೆ ಬಿದ್ದಿದ್ದ ಮಣಿಕಟ್ಟನ್ನು ಹೆಬ್ಬೆರಳಿನಿಂದ ಒಂದು ಸಲ ತೀಡಿ ಬಿಟ್ಟ. ಬಿಳಿಗಿರಿ ತಾಯಿಯನ್ನು ನೋಡಿದ. ಆಮೇಲೆ ನೆನಪಾದವನಂತೆ ತಿರುಗಿ, ಮ್ಯಾಜಿಸ್ಟ್ರೇಟರಿಗೆ ಕೈಮುಗಿದು, ಬಾಯಿತುಂಬ ಅಂದ:

“ತಪ್ಪಾಯ್ತು ಬುದ್ದಿ.”

ಸದಾಶಿವಪ್ಪನ ಕೈ ಅಭ್ಯಾಸಬಲದಿಂದ ಮಸಿಕುಡಿಕೆಗೆ ಹೋಯಿತು.

“ಬರ್ಕಬ್ಯಾಡಿ ಸಾ,” ಶಿವನಂಜಮ್ಮ ಅಂದಳು. “ಓಗ್ಬತ್ತೀನಿ ಅಂತಾವ್ನೆ.”