ಫರ್ಸಿಯ ಮೇಲಿನ ಬಾಸಿಂಗ

ಒದ್ದೆ ಬಟ್ಟೆ ಹಿಡಿದು ಪಡಸಾಲೆಯ ಫರ್ಸಿಕಲ್ಲು ಒರೆಸುತ್ತ ಬಂದ ಚಂದಮ್ಮ ಗಂಡನ ಹಾಸಿಗೆಯ ಬಳಿ ತಡೆದು ನಿಂತಳು. ಅಲ್ಲಿ ನಿನ್ನೆ ಸಂಜೆ ತಾನೇ ಸೀಮೆಸುಣ್ಣದಿಂದ ಬರೆದ ಚಿತ್ರಗಳಿದ್ದವು. ನೀರಿನ ತಂಬಿಗೆಯನ್ನು ಒರೆಸಿದಳು. ಮಜ್ಜಿಗೆಯ ಬಟ್ಟಲನ್ನು ಒರೆಸಿದಳು. ಉಳಿದದ್ದು ಒಂದು ಪುಸ್ತಕ, ಒಂದು ಮದುವೆಯ ಬಾಸಿಂಗ. ಅವೆರಡನ್ನು ಬಿಟ್ಟು ಸುತ್ತಲಿನ ಕಲ್ಲನ್ನೇ ಮತ್ತೊಮ್ಮೆ ಒರೆಸತೊಡಗಿದಳು.

ಮಡಿವಾಳಯ್ಯ ಇನ್ನೂ ನಿದ್ದೆಯಲ್ಲಿದ್ದ. ಶಹಾಬಾದದ ಕಲ್ಲಿನ ಗಣಿಯಲ್ಲಿ ಆಳುಗಳ ಮೇಲೆ ಮುಕಾದಮನಾಗಿದ್ದವನು. ಇಬ್ಬರ ಜಗಳದ ನಡುವೆ ನಿಂತು "ಆತು" ಅಂದನೆಂದರೆ ಜಗಳ ಮುಗಿದಂತೆ. ಲಕ್ವಾ ಹೊಡೆದಾಗ ಬಲಗೈ ಬಲಗಾಲಿನ ಜೊತೆ ಮಾತೂ ಹೋಗಿ, ಆ ಒಂದೇ ಮಾತು ಉಳಿಯಿತು. ನೀರು ಬೇಕಾದರೂ ಆತು, ಬೇಡವಾದರೂ ಆತು.

ಅವನ ಅಣ್ಣ ಗುರುಲಿಂಗಯ್ಯನಿಗೆ ಇದರಿಂದ ತೊಂದರೆಯೇನೂ ಆಗಲಿಲ್ಲ. ಚಿಂಚೋಳಿಯಲ್ಲಿದ್ದ ತನ್ನ ಹೆಂಡತಿಯ ತಮ್ಮನಿಗೆ ಸೂಗಮ್ಮನನ್ನು ಕೊಡೋಣವೇ ಎಂದು ಹಾಸಿಗೆಯ ಪಕ್ಕ ಕೂತು ಕೇಳಿದ. ಮಡಿವಾಳಯ್ಯ "ಆತು" ಅಂದ. ಮೆಟ್ರಿಕ್ ಪಾಸಾಗಿ, ಗುಲಬರ್ಗಾಕ್ಕೆ ಹೋಗಿ ಟೀಚರ್ ಟ್ರೇನಿಂಗ್ ಸೇರುತ್ತೇನೆಂದು ಕಾದಿದ್ದ ಮಗಳು ಸೂಗಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಲಗ್ನದ ಮಾತನ್ನು ತಡೆದವಳು ತಾಜುನ್ನಿಸಾ. ಮೈಸೂರಿನಲ್ಲಿ ಮಾತಿನ ಚಿಕಿತ್ಸೆ ಕಲಿತು, ವಾರಕ್ಕೊಮ್ಮೆ ವಾಡಿಯಿಂದ ರೈಲಿನಲ್ಲಿ ಊರಿನ ದವಾಖಾನೆಗೆ ಬರುತ್ತಿದ್ದ ಹುಡುಗಿ.

"ಇವರ 'ಆತು' ನಂಬಬ್ಯಾಡ್ರಿ ಕಾಕಾ," ಎಂದು ಗುರುಲಿಂಗಯ್ಯನಿಗೆ ಹೇಳಿದಳು. "ಅದು ತಾನಾಗೇ ಬರೋ ಮಾತು. ಮನಸಿನ್ಯಾಗಿಂದು ಬ್ಯಾರೆನೇ ಇರ್ತದ. ಕಲೀಬೇಕಾದವ್ರು ಇವರೊಬ್ಬರೇ ಅಲ್ಲ, ಇವರ ಜೋಡಿ ಮಾತಾಡೋ ಮಂದೀನೂ ಕಲೀಬೇಕು. ದಿನಾ ಯಾರ ಜೋಡಿ ಭಾಳ ಮಾತಾಡ್ತಿದ್ರು? ಅವರನ್ನ ಕರಸ್ರಿ, ಕಲಸ್ತೀನಿ."

ಗುರುಲಿಂಗಯ್ಯ ಕಲ್ಲಿನ ವ್ಯಾಪಾರಿ ಅಬ್ದುಲ್ ಗನಿಯನ್ನು ಕರೆತಂದ. ಗಣಿಯ ಕೆಲಸ ಮುಗಿದ ಮೇಲೆ ಗೆಳೆಯರಿಬ್ಬರೂ ದೀಪ ಹಚ್ಚುವ ಹೊತ್ತಿನವರೆಗೆ ಚಹಾದ ಹೋಟೆಲಿನಲ್ಲಿ ಮಾತಾಡುತ್ತ ಕೂರುವುದು ಊರಿಗೇ ಗೊತ್ತಿತ್ತು. ಏನು ಮಾತಾಡುತ್ತಿದ್ದರೆಂಬುದು ಚಂದಮ್ಮನಿಗೆ ಮಾತ್ರ ಗೊತ್ತಿರಲಿಲ್ಲ.

ತಾಜುನ್ನಿಸಾ ಮನೆಗೇ ಬಂದು ಪಾಠ ಶುರುಮಾಡಿದಳು. ಒಂದು ಸಲಕ್ಕೆ ಒಂದೇ ಮಾತು ಕೇಳಬೇಕು. ಚಿತ್ರ ಬರೆದು ತೋರಿಸಬೇಕು. ಆಮೇಲೆ ಬಾಯಿ ಮುಚ್ಚಿಕೊಂಡು ಕಾಯಬೇಕು. ತಿಳಿದದ್ದನ್ನು ತಿರುಗಿ ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಅವರ ಉತ್ತರವನ್ನು ತಾವೇ ಹೇಳಿಬಿಡಬಾರದು.

ಗನಿಸಾಬ ಕಾಯಲಾರದೆ ಹೋದ. "ದೋಸ್ತ್, ಚಹಾ ಕುಡೀತಿ ಏನು? ಹಾಂ, ಕುಡೀತಾನಂತ. ಸಕ್ಕರಿ ಜಾಸ್ತಿ ಬೇಕಂತ. ನನಗೂ ಹಂಗೇ ಇರ್ಲಿ ತಂಗಿ."

"ಇದೆಲ್ಲಾ ನೀವೇ ಅಂದ್ರಿ ಗನಿ ಚಾಚಾ."

"ಇಷ್ಟು ವರ್ಷ ಹಿಂಗೇ ಮಾತಾಡೀವಿ ಬೇಟಿ. ಅವ ಎಂದೂ ತಕರಾರ ಮಾಡಿಲ್ಲ."

ಗುರುಲಿಂಗಯ್ಯನಂತೂ ತಮ್ಮನಿಗೆ ಕಿವಿ ಹೋಗಿದೆಯೆಂಬಂತೆ ಓಣಿಗೆಲ್ಲ ಕೇಳುವ ಹಾಗೆ ಕೂಗಿದ.

ಚಹಾ ತಂದಿಟ್ಟು ಬಾಗಿಲ ಮರೆಗೆ ನಿಂತಿದ್ದ ಚಂದಮ್ಮನನ್ನು ತಾಜುನ್ನಿಸಾ ಕರೆದಳು. "ನೀವು ಬರ್ರಿ ಅಮ್ಮಾ, ಕುಂದ್ರಿ."

"ಅಕಿ ಜೋಡಿ ಅವ ಏನ್ ಮಾತಾಡ್ತಿದ್ದ ಅಂತ ಕಲಸ್ತೀಯವ್ವಾ?" ಭಾವ ನಕ್ಕ. "ಉಣ್ಣಾಕ ಹಾಕು, ಚಾದರ ಕೊಡು. ಅಷ್ಟೇ."

ಅದು ಸುಳ್ಳಾಗಿರಲಿಲ್ಲ. ಚಂದಮ್ಮ ಸೆರಗು ಸರಿಮಾಡಿಕೊಂಡು ಕೂತಳು. ಫರ್ಸಿಯ ಮೇಲೆ ಮೂರು ಚಿತ್ರ ಬರೆದು ಗಂಡನ ಮುಖ ನೋಡುತ್ತ ಕಾದಳು. ಅವನ ಎಡಗೈ ಎದ್ದಿತು, ಇಳಿಯಿತು, ಬಹಳ ಹೊತ್ತಿನ ಮೇಲೆ ಮತ್ತೆ ಎದ್ದು ಬಟ್ಟಲಿನ ಮೇಲೆ ನಿಂತಿತು.

"ಮಜ್ಜಿಗಿ ಏನ್ರಿ?"

ಅವನು ಬಟ್ಟಲನ್ನು ಬೆರಳಿನಿಂದ ಮತ್ತೆ ತಟ್ಟಿದ. ಕಣ್ಣಲ್ಲಿ ನೀರಿತ್ತು.

"ಇಷ್ಟು ಚಂದ ಕಾಯೋದು ಎಲ್ಲಿ ಕಲ್ತ್ರಿ?" ತಾಜುನ್ನಿಸಾ ಬೆರಗಾದಳು.

"ಈ ಮನ್ಯಾಗ."

ಹೊಗಳಿಕೆಯೆಂದುಕೊಂಡು ಹುಡುಗಿ ನಕ್ಕಳು. "ಕಾಕಾ, ಇನ್ಮ್ಯಾಲೆ ಇವರ ಮನಸಿನ್ಯಾಗಿಂದು ತಿಳೀಬೇಕಂದ್ರ ಈ ಅಮ್ಮಾರನ್ನ ಕೇಳ್ರಿ."

ಗುರುಲಿಂಗಯ್ಯ ಮೀಸೆ ಉಜ್ಜಿಕೊಂಡ. "ಆಗ್ಲಿ. ಚಂದಮ್ಮ, ಸೂಗಿ ಲಗ್ನದ ಮಾತು ನೀನೇ ಕೇಳಿಡು. ಬರೋ ತಿಂಗಳ ಅಮಾಸಿ ಮುಗಿಸಿ ಬರ್ತೀನಿ. ಅವ ಏನಂದ್ರ ಅದೇ ಖರೆ."

ಆಮೇಲಿನ ದಿನಗಳಲ್ಲಿ ಫರ್ಸಿಯ ಮೇಲೆ ಹಗಲೆಲ್ಲ ಚಿತ್ರಗಳು ಬೆಳೆದವು. ತನ್ನ ಬೆರಳು ಹೇಳಿದ್ದು ಹೆಂಡತಿಗೆ ತಿಳಿಯಿತೋ ಇಲ್ಲವೋ ಎಂದು ಮಡಿವಾಳಯ್ಯ ಅವಳ ಮುಖವನ್ನೇ ನೋಡುತ್ತ ಕಾಯುತ್ತಿದ್ದ. ಮದುವೆಯಾದಾಗಿನಿಂದ ಹಾಗೆ ನೋಡಿರಲಿಲ್ಲ. ಚಂದಮ್ಮನಿಗೆ ನಾಚಿಕೆಯೂ ಆಯಿತು, ಹಿತವೂ ಆಯಿತು. ಲಕ್ವಾ ಇನ್ನಷ್ಟು ಮೊದಲೇ ಹೊಡೆದಿದ್ದರೆ ಎಂಬ ಪಾಪದ ಯೋಚನೆ ಬಂದು, ಶಿವ ಶಿವಾ ಎಂದುಕೊಂಡಳು.

ನಿನ್ನೆ ಸಂಜೆ ಪುಸ್ತಕವನ್ನೂ ಬಾಸಿಂಗವನ್ನೂ ಬರೆದು ಕೇಳಿದಳು: "ಸೂಗವ್ವ ಓದ್ಲೇನ್ರಿ, ಲಗ್ನ ಮಾಡೋಣೇನ್ರಿ?" ಬೆರಳು ಬಾಸಿಂಗಕ್ಕೆ ಹೋಯಿತು. ಕಲಿಸಿದ್ದಂತೆ ಎಡದ ಚಿತ್ರವನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬರೆದು ಮತ್ತೆ ಕೇಳಿದಳು. ಬಾಸಿಂಗವೇ. "ಲಗ್ನ ಅಂತೀರಿ, ಹೌದಲ್ರಿ?" ಅವನು ಕಲ್ಲು ಸದ್ದಾಗುವಂತೆ ತಟ್ಟಿದ. ತಿಳಿಯಲಿಲ್ಲ ಎಂದುಕೊಳ್ಳಲು ದಾರಿಯಿರಲಿಲ್ಲ. ಅವಳು ಅಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದಳು.

ಬಟ್ಟೆ ಹಿಂಡುವಾಗ ತವರೂರು ಗುಂಡಗುರ್ತಿಯಿಂದ ಹಿಂದೊಮ್ಮೆ ಬಂದಿದ್ದ ಬಂಡಿ ನೆನಪಾಯಿತು. ಅವ್ವ ಹಾಸಿಗೆ ಹಿಡಿದಿದ್ದಾಳೆಂದು ಅವಳನ್ನು ಕರೆದೊಯ್ಯಲು ಅವಳಣ್ಣ ಬಂಡಿ ಕಟ್ಟಿಕೊಂಡು ಬಂದಿದ್ದ. ಇವಳು ಗಂಟು ಕಟ್ಟಿಕೊಂಡು ಬಾಗಿಲ ಹಿಂದೆ ನಿಂತಿದ್ದಳು. ಕಟ್ಟೆಯ ಮೇಲೆ ಕೂತಿದ್ದ ಮಡಿವಾಳಯ್ಯ, "ಅಕಿ ಈಗ ಬರಾಂಗಿಲ್ಲ ಅಂತಾಳ," ಅಂದ. ಅಣ್ಣ ಒಳಗೆ ಇಣುಕಿಯೂ ನೋಡದೆ ಬಂಡಿ ತಿರುಗಿಸಿದ. ಅವ್ವನ ಮುಖವನ್ನು ಅವಳು ಮತ್ತೆ ನೋಡಲಿಲ್ಲ.

ಸೂಗಮ್ಮ ಕೊಡ ಹೊತ್ತು ಒಳಗೆ ಬಂದಳು. "ಅಪ್ಪ ಏನಂದನವ್ವಾ?"

"ದೊಡ್ಡಪ್ಪ ಬರ್ಲಿ, ಹೇಳ್ತೀನಿ. ನೀರು ಇಳಸು."

ಮಗಳು ಅಡುಗೆಮನೆಗೆ ಹೋದ ಮೇಲೆ ಚಂದಮ್ಮ ಬಾಸಿಂಗದ ಮೇಲೆ ಬಟ್ಟೆ ಎಳೆದಳು. ಸುಣ್ಣದ ಗುರುತೂ ಉಳಿಯದಂತೆ ಒರೆಸಿದಳು. ಪುಸ್ತಕವನ್ನು ಹಾಗೆಯೇ ಬಿಟ್ಟಳು. ಬೆರಳು ಯಾವುದರ ಮೇಲೆ ನಿಂತಿತೆಂದು ಭಾವನಿಗೆ ಹೇಳಬೇಕಾದವಳು ಇನ್ನು ತಾನೊಬ್ಬಳೇ.

ಮಡಿವಾಳಯ್ಯ ಕಣ್ಣು ಬಿಟ್ಟ. ಕಲ್ಲನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವಳು ಕಲಿತಂತೆ ಬಾಯಿ ಮುಚ್ಚಿಕೊಂಡು ಕಾದಳು.

"ಆತು," ಅಂದ.

ತಿರುಗಿ ಕೇಳಿ ಖಾತ್ರಿ ಮಾಡಿಕೊಳ್ಳಬೇಕೆಂದು ತಾಜುನ್ನಿಸಾ ಹೇಳಿದ್ದಳು. ಚಂದಮ್ಮ ಬಟ್ಟೆ ಹಿಂಡಿ, ಹೊಸ್ತಿಲು ಒರೆಸಲು ಎದ್ದಳು.